ಗದುಗಿನ ದಾರಿ

ಉಪಕಾರ ಮಾಡಿದವರನ್ನು ಪೂಜಿಸುವುದು ಸುಲಭ; ಅವರು ಮಾಡಿದ ಉಪಕಾರವೇನೆಂಬುದನ್ನು ಅರಿಯುವುದು ಅಷ್ಟು ಸುಲಭವಲ್ಲ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆ ಸಂಗೀತ ಕಲಿಸುವ ಮನೆಗಳಲ್ಲಿ, ಭಜನೆಯ ಮಠಗಳಲ್ಲಿ ರುದ್ರಾಕ್ಷಿ ಧರಿಸಿದ ಇಬ್ಬರು ಹಿರಿಯರ ಭಾವಚಿತ್ರಗಳು ಅಕ್ಕಪಕ್ಕದಲ್ಲಿ ತೂಗುವುದುಂಟು. ಒಬ್ಬರು ಪಂಚಾಕ್ಷರ ಗವಾಯಿಗಳು, ಇನ್ನೊಬ್ಬರು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು. ಗುರುಗಳನ್ನು ಜನರು ಗಾನಯೋಗಿ ಎಂದರು; ಶಿಷ್ಯರನ್ನು ನಡೆದಾಡುವ ದೇವರು ಎಂದರು. ಜನರ ಈ ಭಕ್ತಿಯನ್ನು ಹಗುರವಾಗಿ ಕಾಣುವ ಇಚ್ಛೆ ನನಗಿಲ್ಲ. ಆದರೆ ಒಬ್ಬ ಮನುಷ್ಯನನ್ನು ದೇವರೆಂದು ಕರೆದ ಮೇಲೆ ಅವನು ಮಾಡಿದ ಕೆಲಸ ದೇವರಿಗೆ ಮಾತ್ರ ಸಾಧ್ಯವಾದದ್ದೆಂದು ನಾವು ಕೈಕಟ್ಟಿ ಕುಳಿತುಬಿಡುತ್ತೇವೆ. ಅಂಧರ ಪಾಲಿಗೆ ಈ ಇಬ್ಬರು ಗಳಿಸಿಕೊಟ್ಟದ್ದು ಪವಾಡವಲ್ಲ; ಇಂದು ನಾವು ಹಕ್ಕು ಎಂದು ಕರೆಯುವ ವಸ್ತು. ಅವರನ್ನು ಸಂಗೀತಗಾರರೆಂದೂ ಸಂತರೆಂದೂ ನೆನೆದರೆ ಸಾಲದು, ಅಂಗವಿಕಲರ ಹಕ್ಕಿನ ಹೋರಾಟದ ಹಿರಿಯರೆಂದೂ ನೆನೆಯಬೇಕು ಎಂಬುದು ನನ್ನ ಅಭಿಪ್ರಾಯ.

ನೂರು ವರ್ಷಗಳ ಹಿಂದೆ ಈ ಸೀಮೆಯಲ್ಲಿ ಕಣ್ಣಿಲ್ಲದ ಮಗುವಿನ ಪಾಡು ಹೇಗಿದ್ದಿತೆಂಬುದನ್ನು ಮೊದಲು ಊಹಿಸಿಕೊಳ್ಳಬೇಕು. ನಮ್ಮ ದೇಶದಲ್ಲಿ ಅಂಧರಿಗಾಗಿ ಮೊದಲ ಶಾಲೆ ತೆರೆದದ್ದು 1887ರಲ್ಲಿ, ದೂರದ ಅಮೃತಸರದಲ್ಲಿ. 1901ರಲ್ಲಿ ಮೈಸೂರಿನಲ್ಲಿ ಅಂಧರಿಗೂ ಕಿವುಡರಿಗೂ ಒಂದು ಶಾಲೆ ಆರಂಭವಾಯಿತು. ಆದರೆ ಆಗ ವಿಜಾಪುರವೆಂದು ಕರೆಯಲಾಗುತ್ತಿದ್ದ ಈ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದು. ಮೈಸೂರು ಬೇರೆಯೇ ಸಂಸ್ಥಾನ. ಮಳೆ ನಂಬಿದ ಎರೆಭೂಮಿ, ಮೇಲಿಂದ ಮೇಲೆ ಬರುವ ಬರಗಾಲ. ಸಿಡುಬು ಬಂದು ಹೋದ ಮನೆಯಲ್ಲಿ ಮಗು ಬದುಕಿ ಉಳಿದರೂ ಕಣ್ಣು ಉಳಿಯುತ್ತದೆಂಬ ಭರವಸೆಯಿರಲಿಲ್ಲ. ಹಸಿವಿನ ವರ್ಷಗಳಲ್ಲಿ ಸೊಪ್ಪು, ಹಾಲು ಕಾಣದ ಮಕ್ಕಳ ಕಣ್ಣು ಅನ್ನಾಂಗದ ಕೊರತೆಯಿಂದಲೇ ಮಬ್ಬಾಗುತ್ತಿತ್ತು. ಇಂಥ ಮಗು ಒಕ್ಕಲುತನದ ಮನೆಯಲ್ಲಿ ಏನು ಮಾಡಬೇಕು? ಕೂರಿಗೆ ಹಿಡಿಯಲಾರದು, ದನ ಕಾಯಲಾರದು ಎಂದು ದೊಡ್ಡವರು ಮೊದಲೇ ತೀರ್ಮಾನಿಸಿಬಿಡುತ್ತಿದ್ದರು. ಅಗಸೆಯ ಕಟ್ಟೆಯ ಮೇಲೆ ಕುಳ್ಳಿರಿಸಿದರೆ ಅಲ್ಲಿಯೇ ಸಂಜೆ. ಜಾತ್ರೆ ಬಂದರೆ ಗುಡಿಯ ಮುಂದೆ ಕೈಯೊಡ್ಡುವುದು. ಇದು ಪ್ರೀತಿಯ ಅಭಾವವಲ್ಲ. ತಾನು ಸತ್ತ ಮೇಲೆ ಈ ಕೂಸಿನ ಗತಿ ಏನು ಎಂದು ನಿದ್ದೆಗೆಟ್ಟ ತಾಯಂದಿರು ಎಷ್ಟೋ ಮಂದಿ. ಅವರ ಪ್ರಶ್ನೆಗೆ ಊರಿನಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ, ಅಷ್ಟೆ.

ಆ ಉತ್ತರವನ್ನು ಹುಡುಕಿಕೊಟ್ಟವರು ತಾವೇ ಹುಟ್ಟು ಅಂಧರಾಗಿದ್ದರು. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರ ಫೆಬ್ರವರಿ 2ರಂದು ಗುರುಪಾದಯ್ಯ, ನೀಲಮ್ಮ ದಂಪತಿಗಳಿಗೆ ಹುಟ್ಟಿದ ಗದಿಗೆಯ್ಯನೇ ಮುಂದೆ ಪಂಚಾಕ್ಷರ ಗವಾಯಿ ಎನಿಸಿದನು. ಅಣ್ಣ ಗುರುಬಸಯ್ಯನಿಗೂ ಕಣ್ಣಿರಲಿಲ್ಲ. ಒಂದು ಬಡಮನೆಯಲ್ಲಿ ಇಬ್ಬರು ಅಂಧ ಮಕ್ಕಳು! ಬಾದಾಮಿಯ ಸಮೀಪ ಮಲಪ್ರಭೆಯ ದಂಡೆಯಲ್ಲಿ 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಆ ಮಕ್ಕಳ ಕಂಠವನ್ನು ಗುರುತಿಸಿ ಅವರ ಶಿಕ್ಷಣದ ಭಾರವನ್ನು ಹೊತ್ತರು. ಅಂಧ ಬಾಲಕರಿಗೆ ಎರಡು ಹೊತ್ತು ಊಟ ಹಾಕಿ ಮಠದ ಮೂಲೆಯಲ್ಲಿ ಇರಿಸಿಕೊಂಡಿದ್ದರೂ ಅಂದಿನ ಲೋಕ ಅವರನ್ನು ದಯಾಳುಗಳೆಂದು ಕೊಂಡಾಡುತ್ತಿತ್ತು. ಅವರು ಹಾಗೆ ಮಾಡಲಿಲ್ಲ, ವಿದ್ಯೆ ಕೊಡಿಸಿದರು. ಗದಿಗೆಯ್ಯನು ಮೈಸೂರಿಗೆ ಹೋಗಿ ಕರ್ನಾಟಕ ಸಂಗೀತವನ್ನು ಕ್ರಮವಾಗಿ ಕಲಿತನು. ಅನಂತರ ಹಿಂದುಸ್ತಾನಿ ಪದ್ಧತಿಯನ್ನೂ ಸಾಧಿಸಿದನು. ಎರಡೂ ಪದ್ಧತಿಗಳಲ್ಲಿ ಪ್ರಭುತ್ವ ಪಡೆದ ಅವರಿಗೆ ಉಭಯಗಾಯನಾಚಾರ್ಯರೆಂಬ ಹೆಸರು ಬಂದಿತು. ಅನ್ನದಾನಕ್ಕೂ ವಿದ್ಯಾದಾನಕ್ಕೂ ಇರುವ ಅಂತರ ಈ ಒಂದು ಬದುಕಿನಲ್ಲಿ ಎದ್ದು ಕಾಣುತ್ತದೆ.

ಪಂಚಾಕ್ಷರ ಗವಾಯಿಗಳು ತಾವು ಪಡೆದದ್ದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಿಲ್ಲ. ರಾಜಾಶ್ರಯವನ್ನು ಅರಸಿ ದೊಡ್ಡ ಪಟ್ಟಣದಲ್ಲಿ ನೆಲೆಸುವಷ್ಟು ವಿದ್ವತ್ತು ಅವರಲ್ಲಿತ್ತು. ಅದನ್ನು ಬಿಟ್ಟು ಸಂಚಾರಿ ಸಂಗೀತ ಪಾಠಶಾಲೆಯೊಂದನ್ನು ಕಟ್ಟಿದರು. ಈ ಶಾಲೆಗೆ ಗೋಡೆಯಿಲ್ಲ, ಗಂಟೆಯಿಲ್ಲ. ಗುರುಗಳು, ಅವರ ಸುತ್ತ ಅಂಧರೂ ಅನಾಥರೂ ಬಡವರೂ ಆದ ಹುಡುಗರು, ಒಂದಷ್ಟು ವಾದ್ಯಗಳು. ಊರಿಂದ ಊರಿಗೆ ಪಯಣ. ಬೀಡುಬಿಟ್ಟ ಊರಿನಲ್ಲಿ ಮಠವೋ ಗುಡಿಯೋ ಆಶ್ರಯವಾಗುತ್ತಿತ್ತು. ಊರವರು ಜೋಳ ಕೊಟ್ಟರೆ ರೊಟ್ಟಿ. ಕೊಡದಿದ್ದರೆ ಪಾಠ ಮಾತ್ರ. ಪುರಾಣ, ಕೀರ್ತನೆಗಳಿಂದ ಬಂದದ್ದು ಸಾಲದಾದಾಗ ಶಿಷ್ಯರಿಂದ ನಾಟಕಗಳನ್ನು ಆಡಿಸಿದರು. ಶಿಷ್ಯರಿಗೆ ಅದೇ ಸಂಪಾದನೆ, ಅದೇ ರಂಗಶಿಕ್ಷಣ. ಈ ಏರ್ಪಾಟಿನಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು ಇದು: ಮೊನ್ನೆಯವರೆಗೆ ಜಾತ್ರೆಯಲ್ಲಿ ಕೈಯೊಡ್ಡುತ್ತಿದ್ದ ಹುಡುಗನು ಅದೇ ಜಾತ್ರೆಯಲ್ಲಿ ವೇದಿಕೆಯ ಮೇಲೆ ಕುಳಿತು ಹಾಡಿದನು, ಊರಿನ ಹಿರಿಯರು ಕೆಳಗೆ ಕುಳಿತು ತಲೆದೂಗಿದರು. ಯಾವ ಭಾಷಣವೂ ಮಾಡಲಾರದ ಕೆಲಸವನ್ನು ಆ ಕುಳಿತುಕೊಳ್ಳುವ ಸ್ಥಾನಗಳ ಬದಲಾವಣೆಯೇ ಮಾಡಿತು.

ಅಲೆದಾಟ ಕೊನೆಗೆ ಗದಗಿನಲ್ಲಿ ನಿಂತಿತು. ಬಸರಿಗಿಡದ ವೀರಪ್ಪನವರ ನೆರವಿನಿಂದ ಅಲ್ಲಿ ವೀರೇಶ್ವರ ಪುಣ್ಯಾಶ್ರಮ ನೆಲೆಗೊಂಡಿತು. 1944ರಲ್ಲಿ ಪಂಚಾಕ್ಷರ ಗವಾಯಿಗಳು ಲಿಂಗೈಕ್ಯರಾದಾಗ ಆಶ್ರಮದ ಹೊಣೆ ಮೂವತ್ತು ವರ್ಷದ ಪುಟ್ಟರಾಜರ ಹೆಗಲೇರಿತು. ಅವರು ಹುಟ್ಟಿದ್ದು 1914ರ ಮಾರ್ಚ್ 3ರಂದು, ಅದೇ ಹಾನಗಲ್ಲ ತಾಲ್ಲೂಕಿನ ದೇವರ ಹೊಸಪೇಟೆಯಲ್ಲಿ. ಎಳವೆಯಲ್ಲಿಯೇ ಕಣ್ಣು ಹೋಯಿತು, ತಂದೆಯೂ ಹೋದರು. ಸೋದರಮಾವನಾದ ಚಂದ್ರಶೇಖರಯ್ಯನವರು ಸಾಕಿದರು. ಗುರುವಿನ ಹೊಣೆಯನ್ನು ಹೊತ್ತ ಶಿಷ್ಯನು ಮುಂದಿನ ಅರವತ್ತಾರು ವರ್ಷ ಅದನ್ನು ಕೆಳಗಿಳಿಸಲಿಲ್ಲ. ಹಾರ್ಮೋನಿಯಂ, ತಬಲಾ, ಪಿಟೀಲು, ಸಾರಂಗಿ ಮೊದಲಾದ ಹಲವು ವಾದ್ಯಗಳು ಅವರ ಕೈಯಲ್ಲಿ ನುಡಿದವು. ಕನ್ನಡ, ಸಂಸ್ಕೃತ, ಹಿಂದಿ ಮೂರು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ಭಗವದ್ಗೀತೆಯನ್ನು ಬ್ರೈಲ್ ಲಿಪಿಯಲ್ಲಿ ಸಿದ್ಧಪಡಿಸಿದರು. ಆರು ಚುಕ್ಕೆಗಳ ಆ ಉಬ್ಬುಲಿಪಿಯನ್ನು ಫ್ರಾನ್ಸ್ ದೇಶದ ಲೂಯಿ ಬ್ರೈಲ್ ರೂಪಿಸಿದಾಗ ಆತನೂ ನಿಮ್ಮ ವಯಸ್ಸಿನವನೇ, ಹದಿನೈದರ ಹುಡುಗ. 2010ರಲ್ಲಿ ಭಾರತ ಸರ್ಕಾರವು ಪುಟ್ಟರಾಜರಿಗೆ ಪದ್ಮಭೂಷಣ ಪ್ರಶಸ್ತಿಯನ್ನು ನೀಡಿತು. ಅದೇ ವರ್ಷ ಸೆಪ್ಟೆಂಬರ್ 17ರಂದು ಅವರು ತೀರಿಕೊಂಡರು.

ಆಶ್ರಮದಲ್ಲಿ ಅಂಧರು ಮಾತ್ರವೇ ಕಲಿತರೆಂದು ಭಾವಿಸಬಾರದು. ಪಂಚಾಕ್ಷರ ಗವಾಯಿಗಳ ಶಿಷ್ಯರಲ್ಲಿ ಬಸವರಾಜ ರಾಜಗುರುಗಳಿದ್ದರು; ಪುಟ್ಟರಾಜರ ಶಿಷ್ಯರಲ್ಲಿ ಎಂ. ವೆಂಕಟೇಶಕುಮಾರರು ಇದ್ದಾರೆ. ಇಬ್ಬರಿಗೂ ಕಣ್ಣಿದೆ. ಅವರು ಅಂಧ ಗುರುವಿನ ಮುಂದೆ ಕುಳಿತು, ಅಂಧ ಸಹಪಾಠಿಗಳ ಪಕ್ಕದಲ್ಲಿ ಉಂಡು, ಮಲಗಿ ವಿದ್ಯೆ ಕಲಿತವರು. ಅಂಗವಿಕಲ ಮಕ್ಕಳೂ ಇತರ ಮಕ್ಕಳೂ ಒಂದೇ ಕೊಠಡಿಯಲ್ಲಿ ಓದಬೇಕೆಂಬ ವಿಚಾರಕ್ಕೆ ಇಂದು ಸಮನ್ವಯ ಶಿಕ್ಷಣ ಎಂಬ ದೊಡ್ಡ ಹೆಸರಿದೆ. ಅದಕ್ಕೆ ಹೆಸರೇ ಇಲ್ಲದ ಕಾಲದಲ್ಲಿ ಗದಗಿನಲ್ಲಿ ಅದು ನಡೆಯುತ್ತಿತ್ತು. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಿ: ನಮ್ಮ ಶಾಲೆಗಳಲ್ಲಿ ಕಣ್ಣುಳ್ಳವರ ಕೊಠಡಿಯೊಳಕ್ಕೆ ಒಬ್ಬ ಅಂಧ ಬಾಲಕನನ್ನು ಸೇರಿಸಿಕೊಳ್ಳುತ್ತೇವೆ, ಅಲ್ಲಿ ಕಣ್ಣುಳ್ಳವರೇ ಬಂದು ಅಂಧರ ಮನೆಯಲ್ಲಿ ಸ್ಥಳ ಬೇಡಿದರು. ಪಾಠ ಮುಗಿಸಿ ಹೊರಬಂದ ಅಂಧರಲ್ಲಿ ಅನೇಕರು ಶಾಲೆಗಳಲ್ಲಿ ಸಂಗೀತ ಶಿಕ್ಷಕರಾದರು, ಆಕಾಶವಾಣಿಯಲ್ಲಿ ಹಾಡಿದರು, ಸಂಬಳ ತಂದು ಮನೆ ನಡೆಸಿದರು.

ಹೀಗೆ ನಾಲ್ಕೂ ತಾಲ್ಲೂಕುಗಳಲ್ಲಿ ಅಂಧ ಮಗುವಿನ ತಂದೆತಾಯಿಗಳಿಗೆ ಒಂದು ದಾರಿ ಕಂಡಿತು. ಅದು ಗದುಗಿನ ದಾರಿ. ನಕ್ಷೆಯನ್ನು ತೆರೆದು ನೋಡಿ. ಸೊಲ್ಲಾಪುರದ ಬಳಿಯ ಹೋಟಗಿಯಿಂದ ಗದಗಿಗೆ ರೈಲುಮಾರ್ಗವಿದೆ. ಅದರ ಮೇಲೆ ಇಂಡಿ ರೋಡ್ ಎಂಬ ನಿಲ್ದಾಣವುಂಟು, ಬಸವನ ಬಾಗೇವಾಡಿ ರೋಡ್ ಎಂಬ ನಿಲ್ದಾಣವೂ ಉಂಟು. ಹೆಸರಿನಲ್ಲಿ ರೋಡ್ ಎಂದು ಸೇರಿರುವುದರ ಅರ್ಥ, ಊರು ಅಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಮಾತ್ರ ಅಲ್ಲಿದೆ ಎಂದು! ಸಿಂದಗಿ, ಮುದ್ದೇಬಿಹಾಳಗಳ ಕಡೆಯವರಿಗೆ ಆ ಸೌಲಭ್ಯವೂ ಇರಲಿಲ್ಲ. ಚಕ್ಕಡಿಯಲ್ಲಿ, ಮೋಟಾರಿನಲ್ಲಿ ರೈಲುದಾರಿಯನ್ನು ಮುಟ್ಟಿ, ಅಲ್ಲಿಂದ ಕೃಷ್ಣೆಯನ್ನು ದಾಟಿ, ಬಾಗಲಕೋಟೆ, ಬಾದಾಮಿಗಳ ಮೇಲೆ ಹಾಯ್ದು ಗದಗನ್ನು ಸೇರಬೇಕು. ಏಳೆಂಟು ವರ್ಷದ ಮಗುವನ್ನು ಆಶ್ರಮದಲ್ಲಿ ಬಿಟ್ಟು ತಾಯಿ ಒಬ್ಬಳೇ ಹಿಂದಿರುಗಬೇಕು. ಮಗುವಿಗೆ ವಿದ್ಯೆ ದೊರೆಯಿತು, ನಿಜ. ಆದರೆ ಅದಕ್ಕಾಗಿ ಅದು ತನ್ನ ಮನೆಯನ್ನೂ ಓಣಿಯ ಗೆಳೆಯರನ್ನೂ ಬಿಟ್ಟುಕೊಟ್ಟಿತು. ಈ ಬೆಲೆಯನ್ನು ಭಾವಚಿತ್ರಕ್ಕೆ ಮಾಲೆ ಹಾಕುವವರು ಲೆಕ್ಕಕ್ಕೆ ಹಿಡಿಯುವುದು ಕಡಮೆ.

ಆಶ್ರಮದ ಒಲೆ ಉರಿದದ್ದು ಜನರ ಔದಾರ್ಯದಿಂದ. ಪುಟ್ಟರಾಜರಿಗೆ ಭಕ್ತರು ಊರೂರುಗಳಲ್ಲಿ ತುಲಾಭಾರ ನಡೆಸುತ್ತಿದ್ದರು. ತಕ್ಕಡಿಯ ಒಂದು ತಟ್ಟೆಯಲ್ಲಿ ಗುರುಗಳು, ಇನ್ನೊಂದರಲ್ಲಿ ನಾಣ್ಯಗಳು. ಹಾಗೆ ಬಂದ ಹಣ ಅಂಧ ಅನಾಥ ಮಕ್ಕಳ ಅನ್ನವಾಗುತ್ತಿತ್ತು. ಮುಪ್ಪಿನಲ್ಲಿಯೂ ಅವರು ಮಕ್ಕಳಿಗಾಗಿ ತಕ್ಕಡಿಯಲ್ಲಿ ಕುಳಿತರೆಂಬುದನ್ನು ನೆನೆದರೆ ಮನಸ್ಸು ಬಾಗುತ್ತದೆ. ಅದರ ಜೊತೆಗೆ ಒಂದು ಪ್ರಶ್ನೆಯೂ ಏಳುತ್ತದೆ. ಕಣ್ಣುಳ್ಳ ಮಗುವಿನ ಶಾಲೆಗಾಗಿ ಯಾರೂ ತಕ್ಕಡಿಯಲ್ಲಿ ಕುಳಿತುಕೊಳ್ಳುವುದಿಲ್ಲ. ಅದರ ಶಾಲೆಯನ್ನು ಸರ್ಕಾರ ಕಟ್ಟಿಸುತ್ತದೆ, ಶಿಕ್ಷಕರಿಗೆ ಸಂಬಳ ಕೊಡುತ್ತದೆ. ಹಾಗಿರುವಾಗ ಕಣ್ಣಿಲ್ಲದ ಮಗುವಿನ ವಿದ್ಯೆ ಮಾತ್ರ ಭಕ್ತರ ಕೈಯೆತ್ತುವಿಕೆಗೆ ಏಕೆ ಕಾದಿರಬೇಕು?

ಇದೇ ಪ್ರಶ್ನೆಯನ್ನು ದೇಶದ ಬೇರೆ ಕಡೆಗಳಲ್ಲಿ ಬೇರೆ ರೀತಿಯಲ್ಲಿ ಕೇಳಿದವರಿದ್ದಾರೆ. ಅಲೀಗಢದಲ್ಲಿ 1965ರಲ್ಲಿ ಜನಿಸಿದ ಜಾವೇದ್ ಆಬಿದಿಯವರು ಬೆನ್ನುಹುರಿಯ ಜನ್ಮದೋಷದಿಂದಾಗಿ ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದವರು. 1995ರ ಡಿಸೆಂಬರಿನಲ್ಲಿ ಅವರೂ ಅವರ ಸಂಗಡಿಗರೂ ದೆಹಲಿಯ ಬೀದಿಗಿಳಿದು ಅಂಗವಿಕಲರಿಗಾಗಿ ಕಾನೂನು ಬೇಕೆಂದು ಒತ್ತಾಯಿಸಿದರು. ಆ ತಿಂಗಳಿನಲ್ಲಿಯೇ ಸಂಸತ್ತು ಮಸೂದೆಯನ್ನು ಅಂಗೀಕರಿಸಿತು. ಸರ್ಕಾರಿ ಹುದ್ದೆಗಳಲ್ಲಿ ಶೇಕಡಾ 3 ಮೀಸಲಾತಿ ಕಾನೂನಿನ ಬಲ ಪಡೆದದ್ದು ಆಗ. 2001ರಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದು ಕುತುಬ್ ಮಿನಾರನ್ನು ನೋಡಬಯಸಿದಾಗ, ಆಬಿದಿಯವರ ಒತ್ತಾಯದಿಂದ ಅಲ್ಲಿ ಮರದ ಇಳಿಜಾರು ಹಾದಿ ಸಿದ್ಧವಾಯಿತು. ಅಷ್ಟು ಕಾಲ ಆಗದೆ ಉಳಿದ ಕೆಲಸ ಅತಿಥಿ ಬಂದೊಡನೆ ಆಯಿತು! 2018ರಲ್ಲಿ ಆಬಿದಿಯವರು ತೀರಿಕೊಂಡರು. ಗವಾಯಿಗಳ ದಾರಿ ಬೇರೆ, ಇವರ ದಾರಿ ಬೇರೆ. ಒಬ್ಬರು ಸರ್ಕಾರದ ಬಾಗಿಲಿಗೆ ಹೋಗದೆ ತಾವೇ ಶಾಲೆ ಕಟ್ಟಿದರು. ಇನ್ನೊಬ್ಬರು ಸರ್ಕಾರದ ಬಾಗಿಲನ್ನೇ ಬಡಿದರು. ಇವೆರಡನ್ನು ಒಂದಕ್ಕೊಂದು ವಿರುದ್ಧವೆಂದು ತಿಳಿಯುವವರ ಮಾತನ್ನು ನಾನು ಒಪ್ಪಲಾರೆ. ಅಂಧನು ಕಲಿಯಬಲ್ಲ, ದುಡಿಯಬಲ್ಲ, ಕಲಿಸಬಲ್ಲ ಎಂಬುದು ಗದಗಿನಲ್ಲಿ ಕಣ್ಣೆದುರಿಗೆ ಸಿದ್ಧವಾಗಿರದಿದ್ದರೆ, ನಮ್ಮ ಸೀಮೆಯಲ್ಲಿ ಕಾನೂನಿನ ಮಾತನ್ನು ಯಾರು ನಂಬುತ್ತಿದ್ದರು?

2016ರಲ್ಲಿ ಹೊಸ ಕಾನೂನು ಬಂದಿತು. ಮರುವರ್ಷ ಏಪ್ರಿಲ್ 19ರಿಂದ ಜಾರಿಯಾಯಿತು. ಹಿಂದಿನ ಕಾನೂನು ಏಳು ಬಗೆಯ ವೈಕಲ್ಯಗಳನ್ನು ಹೆಸರಿಸಿದ್ದರೆ, ಇದು ಇಪ್ಪತ್ತೊಂದನ್ನು ಹೆಸರಿಸುತ್ತದೆ. ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ ಶೇಕಡಾ 4ಕ್ಕೆ ಏರಿತು. ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಿಸಿದ ಮಾತು ಇನ್ನೊಂದಿದೆ. ಕಾನೂನು ಗೊತ್ತುಪಡಿಸಿದಷ್ಟು ವೈಕಲ್ಯವುಳ್ಳ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣ ಪಡೆಯುವ ಹಕ್ಕುಂಟು. ಅದು ನೆರೆಯ ಶಾಲೆಯಲ್ಲಿಯೂ ಆಗಬಹುದು, ವಿಶೇಷ ಶಾಲೆಯಲ್ಲಿಯೂ ಆಗಬಹುದು. ಆಯ್ಕೆ ಆ ಮಗುವಿನದು. ಆಯ್ಕೆ ಎಂಬ ಮಾತನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಇಂಡಿಯ ಹಳ್ಳಿಯಲ್ಲಿ ಬ್ರೈಲ್ ಬಲ್ಲ ಶಿಕ್ಷಕರು ಒಬ್ಬರೂ ಇಲ್ಲದಿದ್ದರೆ ಮಗು ಗದಗಿಗೆ ಹೋಗುವುದು ಆಯ್ಕೆಯಲ್ಲ, ಅನಿವಾರ್ಯ. ಹಳ್ಳಿಯ ಶಾಲೆಯೂ ಸಿದ್ಧವಾಗಿದ್ದು, ಸಂಗೀತದ ಮೇಲಿನ ಒಲವಿನಿಂದ ಮಗು ಗದಗಿಗೆ ಹೊರಟರೆ ಅದು ಆಯ್ಕೆ.

ಇಲ್ಲಿಯೇ ಇನ್ನೊಂದು ಮಾತನ್ನು ಹೇಳಬೇಕಾಗಿದೆ. ಕೆಲವರಿಗೆ ಅದು ರುಚಿಸಲಿಕ್ಕಿಲ್ಲ. ಗವಾಯಿಗಳ ಯಶಸ್ಸಿನಿಂದ ನಮ್ಮಲ್ಲಿ ಒಂದು ತಪ್ಪು ಭಾವನೆಯೂ ಬೇರೂರಿದೆ. ಅಂಧ ಮಗುವನ್ನು ಕಂಡೊಡನೆ, ಹಾಡಲು ಬರುತ್ತದೆಯೇ ಎಂದು ಕೇಳುತ್ತೇವೆ. ಕಣ್ಣಿಲ್ಲದವರಿಗೆ ದೇವರು ಕಂಠ ಕೊಟ್ಟಿರುತ್ತಾನೆ ಎನ್ನುತ್ತೇವೆ. ಹಾಗೇನೂ ಇಲ್ಲ. ಕಣ್ಣುಳ್ಳವರಲ್ಲಿ ಇರುವಂತೆಯೇ ಅಂಧರಲ್ಲಿಯೂ ಶ್ರುತಿ ಹಿಡಿಯಲಾರದವರು ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ಒಬ್ಬಳಿಗೆ ಲೆಕ್ಕ ಇಷ್ಟವಿರಬಹುದು, ಇನ್ನೊಬ್ಬನಿಗೆ ಕಾನೂನು, ಮತ್ತೊಬ್ಬನಿಗೆ ಹೊಲದ ಕೆಲಸವೇ ಇಷ್ಟವಿರಬಹುದು. ಪಂಚಾಕ್ಷರ ಗವಾಯಿಗಳ ಕಾಲದಲ್ಲಿ ಅಂಧನಿಗೆ ಮರ್ಯಾದೆಯ ಅನ್ನ ಕೊಡಬಲ್ಲ ವಿದ್ಯೆ ಎಂದರೆ ಸಂಗೀತವೊಂದೇ ಇದ್ದಿತು; ಅವರು ಅದನ್ನೇ ಹಿಡಿದದ್ದು ವಿವೇಕ. ಪುಸ್ತಕವನ್ನು ಓದಿಹೇಳುವ ಯಂತ್ರಗಳು, ಪರದೆಯ ಮೇಲಿನ ಅಕ್ಷರವನ್ನು ಧ್ವನಿಯಾಗಿಸುವ ಗಣಕಗಳು ಬಂದಿರುವ ಈ ಕಾಲದಲ್ಲಿಯೂ ನಾವು ಅಂಧ ಮಗುವಿಗೆ ಹಾರ್ಮೋನಿಯಂ ಒಂದನ್ನೇ ತೋರಿಸಿದರೆ, ಗುರುವನ್ನು ಅನುಸರಿಸಿದಂತಾಗುವುದಿಲ್ಲ. ಗುರುವಿನ ಕಾಲದ ಕೊರತೆಯನ್ನು ಮುಂದುವರಿಸಿದಂತಾಗುತ್ತದೆ.

ಇದಕ್ಕೆ ಎದುರು ಹೇಳುವವರಿದ್ದಾರೆ. ಕಾನೂನು ಕಾಗದದ ಮೇಲಿದೆ, ಆಶ್ರಮದ ಅನ್ನ ತಟ್ಟೆಯಲ್ಲಿದೆ. ಹಸಿದವನಿಗೆ ಯಾವುದು ಬೇಕು ಎನ್ನುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ತಾಲ್ಲೂಕಿನ ಕಚೇರಿಗೂ ಜಿಲ್ಲಾ ಆಸ್ಪತ್ರೆಗೂ ಪ್ರಮಾಣಪತ್ರಕ್ಕಾಗಿ ಅಲೆದವರಿಗೆ ಕಾಗದದ ಹಕ್ಕಿನ ಭಾರ ಎಷ್ಟೆಂಬುದು ಗೊತ್ತು. ಕಾಲಿನಲ್ಲಿ ಬಲವಿಲ್ಲದವನು ತನ್ನ ಅರ್ಜಿಯನ್ನು ಕೊಡಬೇಕಾದ ಕೊಠಡಿ ಮಹಡಿಯ ಮೇಲಿದ್ದರೆ ಆ ಅರ್ಜಿಗೆ ಬೆಲೆ ಏನು? ಹೀಗಾಗಿ ಆಶ್ರಮವನ್ನು ಮುಚ್ಚಿಬಿಡಿ ಎಂದು ಬುದ್ಧಿಯುಳ್ಳವರಾರೂ ಹೇಳಲಾರರು. ನಾನು ಹೇಳುವುದು ಇಷ್ಟೇ: ಅಲ್ಲಿ ಅನ್ನವಿದೆ ಎಂಬ ನೆಪದಿಂದ ಇಲ್ಲಿ ನಾವು ಸುಮ್ಮನಿರುವಂತಿಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿದ್ದ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. ಇಷ್ಟು ಜನರನ್ನು ಯಾವ ಆಶ್ರಮ ಸಲಹೀತು?

ಹೆಸರುಗಳ ವಿಷಯದಲ್ಲಿ ಮಾತ್ರ ನಾವು ಬಹಳ ಮುಂದೆ ಬಂದಿದ್ದೇವೆ. ಕುರುಡ, ಕುಂಟ ಎಂಬ ಮಾತುಗಳನ್ನು ಬಿಟ್ಟು ಅಂಗವಿಕಲ ಎಂದೆವು. ಅದನ್ನೂ ಬಿಟ್ಟು ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಎಂದೆವು. ನೋಯಿಸುವ ಮಾತನ್ನು ಬಿಡುವುದು ಸಭ್ಯತೆ, ಬಿಡಲೇಬೇಕು. ಆದರೆ ಹೆಸರು ನಾಲ್ಕು ಸಲ ಬದಲಾದರೂ ಶಾಲೆಯ ಬಾಗಿಲಿನ ಮೂರು ಮೆಟ್ಟಿಲುಗಳು ಮೆಟ್ಟಿಲುಗಳಾಗಿಯೇ ಇದ್ದರೆ ಗಾಲಿಕುರ್ಚಿಯವನು ಹೊರಗೇ ಉಳಿಯುತ್ತಾನೆ.

ಈ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿರುವವರೂ ನಮ್ಮ ನಡುವೆಯೇ ಇದ್ದಾರೆ. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂಬವರು ಇರುತ್ತಾರೆ. ಅವರಲ್ಲಿ ಅನೇಕರು ತಾವೇ ಅಂಗವಿಕಲರು. ಮನೆಮನೆಗೆ ಹೋಗಿ ಮಗುವಿನ ಹೆಸರು ಬರೆದುಕೊಳ್ಳುವುದು, ಪ್ರಮಾಣಪತ್ರಕ್ಕೆ ಅರ್ಜಿ ತುಂಬಿಕೊಡುವುದು, ಮಾಸಾಶನ ನಿಂತುಹೋದವರ ಪರವಾಗಿ ಕಚೇರಿಗೆ ಎಡತಾಕುವುದು ಇವರ ಕಾಯಕ. ದೊರೆಯುವುದು ಸಂಬಳವಲ್ಲ, ಗೌರವಧನ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯ ನೆಲದಲ್ಲಿ ಕಾಯಕವೆಂಬ ಮಾತಿಗೆ ವಿವರಣೆ ಬೇಕಿಲ್ಲ. ಇವರ ಭಾವಚಿತ್ರಕ್ಕೆ ಯಾರೂ ಮಾಲೆ ಹಾಕುವುದಿಲ್ಲ. ಹಾಕಬೇಕೆಂದೂ ನಾನು ಹೇಳುವುದಿಲ್ಲ. ಇವರು ಪಂಚಾಯಿತಿಯ ಸಭೆಯಲ್ಲಿ ಎದ್ದು ನಿಂತು ಅಂಗವಿಕಲರಿಗೆಂದು ಮೀಸಲಿಟ್ಟ ಹಣ ಎಲ್ಲಿ ಹೋಯಿತೆಂದು ಕೇಳಿದಾಗ ಉಳಿದವರು ಕಿವಿಗೊಟ್ಟರೆ ಸಾಕು.

ವಿದ್ಯಾರ್ಥಿಗಳಾದ ನಿಮ್ಮ ಪಾಲಿಗೆ ಬರಬಹುದಾದ ಒಂದು ಸಣ್ಣ ಕೆಲಸವನ್ನು ಹೇಳಿ ಮುಗಿಸುತ್ತೇನೆ. ಹತ್ತನೆಯ ತರಗತಿಯ ಪರೀಕ್ಷೆಗೆ ಕೂಡುವ ಅಂಧ ವಿದ್ಯಾರ್ಥಿಗೆ ಹೆಚ್ಚಿನ ಸಮಯವನ್ನೂ, ಅವನು ಹೇಳಿದ ಉತ್ತರವನ್ನು ಬರೆಯಲು ಒಬ್ಬ ಲಿಪಿಕಾರನನ್ನೂ ಕೊಡುವ ಏರ್ಪಾಟಿದೆ. ಆ ಲಿಪಿಕಾರನು ಕೆಳಗಿನ ತರಗತಿಯವನಾಗಿರಬೇಕು. ಎಂದರೆ ಮುದ್ದೇಬಿಹಾಳದ ಅಥವಾ ಸಿಂದಗಿಯ ಯಾವುದೋ ಪರೀಕ್ಷಾ ಕೇಂದ್ರದಲ್ಲಿ ಮುಖ್ಯೋಪಾಧ್ಯಾಯರು ಒಂಬತ್ತನೆಯ ತರಗತಿಯ ನಿಮ್ಮನ್ನೇ ಕರೆಯಬಹುದು. ಹೋದಾಗ ಪ್ರಶ್ನೆಯನ್ನು ಸ್ಪಷ್ಟವಾಗಿ ಎರಡು ಸಲ ಓದಿರಿ. ಅವನು ಹೇಳಿದ್ದನ್ನು ಹೇಳಿದಂತೆಯೇ ಬರೆಯಿರಿ. ಉತ್ತರ ತಪ್ಪೆಂದು ನಿಮಗೆ ತೋರಿದರೂ ತಿದ್ದಬೇಡಿರಿ, ನಿಮಗೆ ಗೊತ್ತಿರುವುದನ್ನು ಸೇರಿಸಬೇಡಿರಿ. ಅದು ಅವನ ಪರೀಕ್ಷೆ.